ಕಂದಾಯ ಇಳಿಯುತ್ತೋ ಇಲ್ವೋ ಗೊತ್ತಿಲ್ಲ, ಬಜೆಟ್ ಮಾತ್ರ ಇವತ್ತೇ ಬರೀಬೇಕು

ಪ್ರತಿ ಏಪ್ರಿಲ್‌ನಲ್ಲಿ ನಮ್ಮ ಮನೇಲಿ ಒಂದು ಮಾತು ಬಂದೇ ಬರುತ್ತೆ. ಅಪ್ಪ ಶೇ 5ರ ರಿಯಾಯಿತಿ ತಪ್ಪಬಾರದು ಅಂತ ತಿಂಗಳೊಳಗೆ ಮನೆ ಕಂದಾಯ ಕಟ್ತಾರೆ. ಆಮೇಲೆ ರಸೀದಿ ನೋಡ್ಕೊಂಡು, “ಇದನ್ನ ಅರ್ಧ ಮಾಡಿದ್ರೆ ಇವರ ಗಂಟೇನು ಹೋಗುತ್ತೆ?” ಅಂತಾರೆ.

ಪ್ರಶ್ನೆ ಸರಿಯಾಗೇ ಇದೆ. ಉತ್ತರಕ್ಕೆ ಮಾತ್ರ ಸ್ವಲ್ಪ ದೂರ ಹೋಗ್ಬೇಕು: 1978ರ ಕ್ಯಾಲಿಫೋರ್ನಿಯಾಕ್ಕೆ. ಆಸ್ತಿ ತೆರಿಗೆ ಅರ್ಧಕ್ಕಿಂತ ಕೆಳಗೆ ಬೀಳಬಹುದು, ಬೀಳದೆಯೂ ಇರಬಹುದು ಅನ್ನೋ ಅನುಮಾನದಲ್ಲೇ ನೂರಾರು ಊರುಗಳು ಒಟ್ಟಿಗೆ ಬಜೆಟ್ ಬರೆದದ್ದು ಅಲ್ಲಿ.

ಆಗ ಅಲ್ಲಿ ಮನೆಗಳ ಬೆಲೆ ವಿಪರೀತ ಏರ್ತಿತ್ತು, ಅದರ ಜೊತೆ ತೆರಿಗೆಯೂ ಏರ್ತಿತ್ತು. ನಿವೃತ್ತರಾಗಿ ಸ್ವಂತ ಮನೇಲೇ ಇದ್ದವರ ಆಸ್ತಿ ಕಾಗದದ ಮೇಲೆ ಬೆಳೀತು, ಕೈಗೆ ಬರೋ ಪಿಂಚಣಿ ಬೆಳೀಲಿಲ್ಲ. ಜನರ ಸಿಟ್ಟು ನ್ಯಾಯವಾದದ್ದೇ, ಇದನ್ನ ಮೊದಲೇ ಹೇಳಿಬಿಡ್ತೀನಿ. ಹೋವರ್ಡ್ ಜಾರ್ವಿಸ್, ಪಾಲ್ ಗ್ಯಾನ್ ಅನ್ನೋ ಇಬ್ಬರು ಸಹಿ ಸಂಗ್ರಹಿಸಿ ‘ಪ್ರೊಪೊಸಿಷನ್ 13’ ಅನ್ನು ಜನಮತಕ್ಕೆ ತಂದರು. ತೆರಿಗೆ ಆಸ್ತಿ ಮೌಲ್ಯದ ಶೇ 1 ದಾಟಬಾರದು. ಮೌಲ್ಯವನ್ನ 1975ರ ಮಟ್ಟಕ್ಕೆ ಇಳಿಸಬೇಕು, ಅಲ್ಲಿಂದ ವರ್ಷಕ್ಕೆ ಶೇ 2ಕ್ಕಿಂತ ಹೆಚ್ಚು ಏರಿಸೋ ಹಾಗಿಲ್ಲ. ಮನೆ ಕೈ ಬದಲಾದಾಗ ಮಾತ್ರ ಹೊಸ ಬೆಲೆ ಲೆಕ್ಕಕ್ಕೆ. ಅದಕ್ಕೂ ಮುಂಚೆ ಸರಾಸರಿ ದರ ಶೇ 2.67ರ ಆಸುಪಾಸಿನಲ್ಲಿತ್ತು.

ಈಗ ನೀವೇ ಅಲ್ಲಿನ ಒಂದು ಪಾಲಿಕೆಯ ಲೆಕ್ಕಾಧಿಕಾರಿ ಅಂದ್ಕೊಳ್ಳಿ. ಮತದಾನ ಜೂನ್ 6ಕ್ಕೆ. ಹೊಸ ಹಣಕಾಸು ವರ್ಷ ಜುಲೈ 1ಕ್ಕೆ. ನಡುವೆ ಇರೋದು ಇಪ್ಪತ್ನಾಲ್ಕು ದಿನ. ಫಲಿತಾಂಶ ಬರಲಿ, ಆಮೇಲೆ ನೋಡೋಣ ಅಂತ ಕೂರೋಕಾಗಲ್ಲ. ಹಾಗಾಗಿ ಎಷ್ಟೋ ಊರುಗಳು ಎರಡೆರಡು ಲೆಕ್ಕ ಹಾಕಿದವು. ಗೆದ್ದರೆ ಒಂದು, ಸೋತರೆ ಒಂದು.

ಆ ಎರಡನೇ ಲೆಕ್ಕ ಬರೆಯೋದು ತುಂಬಾ ಕಷ್ಟ. ಶೇ 20 ಕಡಿತ ಅಂದ್ರೆ ಎಲ್ಲದರಲ್ಲೂ ಶೇ 20 ಕತ್ತರಿಸಿದ್ರೆ ಆಯ್ತು ಅಂತ ನಾನೂ ಕಾಲೇಜಲ್ಲಿ ಅಂದ್ಕೊಂಡಿದ್ದೆ. ಸಾಲದ ಕಂತನ್ನ ಕತ್ತರಿಸೋಕಾಗುತ್ತಾ? ಪಿಂಚಣಿಯನ್ನ? ಪೊಲೀಸು, ಅಗ್ನಿಶಾಮಕ ದಳಕ್ಕೆ ಕೈ ಹಾಕೋಕೆ ಯಾರಿಗೂ ಧೈರ್ಯ ಇಲ್ಲ. ಕೊನೆಗೆ ಕತ್ತರಿ ಸುಲಭವಾಗಿ ಆಡೋದು ಗ್ರಂಥಾಲಯ, ಪಾರ್ಕು, ರಸ್ತೆ ರಿಪೇರಿ ಮೇಲೆ. ಒಟ್ಟು ಬಜೆಟ್ಟಿನಲ್ಲಿ ಇವುಗಳ ಪಾಲೇ ಚಿಕ್ಕದು. ಹಾಗಾಗಿ ಇಡೀ ಏಟು ಆ ಚಿಕ್ಕ ಪಾಲಿಗೇ ಬೀಳುತ್ತೆ. ಇನ್ನೊಂದು ಪೇಚು ಏನಂದ್ರೆ, ಮತದಾನಕ್ಕೆ ಮುಂಚೆಯೇ ಶಿಕ್ಷಕರಿಗೆ, ನೌಕರರಿಗೆ ಕೆಲಸ ಹೋಗಬಹುದು ಅಂತ ನೋಟಿಸ್ ಹೋದವು. ಕಡಿತ ಬೇಕು ಅಂದವರ ಕಣ್ಣಿಗೆ ಅದು ಯೋಜನೆ ಥರ ಕಾಣಲಿಲ್ಲ, ಬೆದರಿಕೆ ಥರ ಕಾಣಿಸ್ತು. ಲೆಕ್ಕ ಬಾಯಿಬಿಟ್ಟು ಹೇಳಿದ್ರೆ ಹೆದರಿಸ್ತಾರೆ ಅಂತಾರೆ, ಮುಚ್ಚಿಟ್ರೆ ಮೊದಲೇ ಯಾಕೆ ಹೇಳಲಿಲ್ಲ ಅಂತಾರೆ.

ನೂರಕ್ಕೆ ಸುಮಾರು 65 ಜನ ಹೌದು ಅಂದರು. ಆಸ್ತಿ ತೆರಿಗೆಯ ಆದಾಯ ಒಂದೇ ವರ್ಷದಲ್ಲಿ ಹತ್ತಿರ ಹತ್ತಿರ ಶೇ 60 ಕುಸೀತು. ಎಷ್ಟೋ ಕಡೆ ಬೇಸಿಗೆ ಶಾಲೆ ರದ್ದಾಯ್ತು, ಗ್ರಂಥಾಲಯಗಳ ಸಮಯ ಕಡಿಮೆಯಾಯ್ತು. ಆದರೂ ಹೆದರಿದಷ್ಟು ಅನಾಹುತ ಆಗಲಿಲ್ಲ. ರಾಜ್ಯದ ಖಜಾನೇಲಿ ಸುಮಾರು 500 ಕೋಟಿ ಡಾಲರ್ ಉಳಿತಾಯ ಇತ್ತು. ಅದರಲ್ಲಿ 400 ಕೋಟಿಗೂ ಹೆಚ್ಚು ಊರುಗಳಿಗೆ, ಶಾಲೆಗಳಿಗೆ ಹಂಚಿದರು. ನೋಡಿದ್ರಾ, ಏನೂ ಆಗಲಿಲ್ಲ ಅಂತ ಜನ ನಿಟ್ಟುಸಿರು ಬಿಟ್ಟರು.

ನನ್ನ ಪ್ರಕಾರ ಎಡವಿದ್ದು ಇಲ್ಲೇ. ಇಡುಗಂಟು ಒಂದು ಸಲ ಖರ್ಚಾದ್ರೆ ಮುಗೀತು. ತೆರಿಗೆ ಕಡಿತದ ಖೋತಾ ಪ್ರತಿ ವರ್ಷ ಬಂದು ಬಾಗಿಲು ತಟ್ಟುತ್ತೆ. ಆ ಉಳಿತಾಯ ಕೆಲವೇ ವರ್ಷಗಳಲ್ಲಿ ಕರಗಿತು. ಸಾಲದ್ದಕ್ಕೆ, ದುಡ್ಡು ಕೊಟ್ಟವರ ಕೈಗೇ ಲಗಾಮೂ ಹೋಯ್ತು. ನೆರವು ಬೇಕಾದ್ರೆ ನಮ್ಮ ನೌಕರರಿಗಿಂತ ಹೆಚ್ಚು ಸಂಬಳ ಏರಿಸಬೇಡಿ ಅಂತ ರಾಜ್ಯ ಷರತ್ತು ಹಾಕಿತು. ಕೋರ್ಟ್ 1979ರಲ್ಲಿ ಅದನ್ನ ರದ್ದು ಮಾಡ್ತು. ಆದರೂ ಆಸ್ತಿ ತೆರಿಗೆಯಲ್ಲಿ ಯಾರಿಗೆಷ್ಟು ಪಾಲು ಅನ್ನೋ ತೀರ್ಮಾನ ರಾಜ್ಯದ ಕೈಯಲ್ಲೇ ಉಳೀತು. ಊರುಗಳು ಬೇರೆ ದಾರಿ ಹುಡುಕಿದವು: ಶುಲ್ಕ ಏರಿಸಿದವು, ಹೊಸ ಬಡಾವಣೆಗಳ ಮೇಲೆ ಹೊರೆ ಹಾಕಿದವು. ಮಾರಾಟ ತೆರಿಗೆಯ ಪಾಲು ಸಿಗುತ್ತೆ ಅಂತ ಮನೆಗಳಿಗಿಂತ ಮಾಲ್‌ಗೆ, ಕಾರ್ ಶೋರೂಮ್‌ಗೆ ಮಣೆ ಹಾಕಿದವು. ಸ್ಯಾನ್ ಹೋಸೆಯಲ್ಲಿರೋ ನನ್ನ ಕಾಲೇಜು ಗೆಳೆಯ ಈಚೆಗೆ ಮನೆ ತಗೊಂಡ. ಪಕ್ಕದ ಮನೆ ಅಜ್ಜ ಅದೇ ರಸ್ತೆ, ಅದೇ ಅಳತೆ ಮನೆಗೆ ಕಟ್ಟೋ ತೆರಿಗೆ ಕೇಳಿ ಅವನಿಗೆ ಎರಡು ದಿನ ನಿದ್ದೆ ಬಂದಿಲ್ವಂತೆ!

ನಮ್ಮಲ್ಲಿ ಇದೆಲ್ಲ ಆಗಲ್ಲ ಅನ್ಬೇಡಿ. ಕರ್ನಾಟಕದಲ್ಲಿ 1979ರಲ್ಲಿ ಆಕ್ಟ್ರಾಯ್ ಹೋಯ್ತು, ಊರಿಗೆ ಬರೋ ಸರಕಿನ ಮೇಲೆ ನಗರಸಭೆಗಳೇ ವಸೂಲಿ ಮಾಡ್ತಿದ್ದ ತೆರಿಗೆ ಅದು. ಅದರ ಬದಲಿಗೆ ಬಂದದ್ದು ರಾಜ್ಯದ ಅನುದಾನ. ಮುಂಬೈನಲ್ಲಿ 2022ರ ಜನವರಿ 1ರಂದು 500 ಚದರಡಿವರೆಗಿನ ಮನೆಗಳಿಗೆ ಆಸ್ತಿ ತೆರಿಗೆ ಮನ್ನಾ ಘೋಷಣೆ ಆಯ್ತು, ಪಾಲಿಕೆ ಚುನಾವಣೆಯ ಮಾತು ಜೋರಾಗಿದ್ದ ಹೊತ್ತಲ್ಲಿ.

ಈಗ ಅಪ್ಪನ ರಸೀದಿಗೆ ಬರ್ತೀನಿ. ಅದರಲ್ಲಿ ಸೆಸ್ ಅಂತ ಒಂದು ಮೊತ್ತ ಇರುತ್ತೆ. ಅದರೊಳಗೆ ತೆರಿಗೆಯ ಶೇ 6 ಗ್ರಂಥಾಲಯಕ್ಕೆ, ಶೇ 3 ಭಿಕ್ಷುಕರ ಪುನರ್ವಸತಿಗೆ. ಇವೆಲ್ಲ ತೆರಿಗೆಯ ಮೇಲೆ ಶೇಕಡಾವಾರು ಲೆಕ್ಕ. ತೆರಿಗೆ ಅರ್ಧ ಆದ್ರೆ ಇವೂ ತಾವಾಗೇ ಅರ್ಧ ಆಗ್ತವೆ, ಯಾವ ಸಭೆಯಲ್ಲೂ ಚರ್ಚೆ ಇಲ್ಲದೆ. ಇದನ್ನ ಅಪ್ಪನಿಗೆ ತೋರಿಸಿದೆ. ದಿನಾ ಬೆಳಿಗ್ಗೆ ಬಡಾವಣೆ ಲೈಬ್ರರೀಲಿ ನಾಲ್ಕು ಪೇಪರ್ ಓದಿ ಬರೋ ಮನುಷ್ಯ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದ್ರೆ ಕಾಲು ಭಾಗ ಕಡಿಮೆ ಮಾಡ್ಲಿ” ಅಂದ್ರು.

ಚೌಕಾಸಿ ಇನ್ನೂ ಮುಗಿದಿಲ್ಲ. ನಿಮ್ಮ ಊರಿನ ರಸೀದೀಲಿ ಯಾವ್ಯಾವ ಸೆಸ್ ಇದೆ ನೋಡಿ, ವಾಯ್ಸ್ ನೋಟ್ ಕಳಿಸಿ. ಮುಂದಿನ ವಾರ ಸಿಗೋಣ.