ರೇಷ್ಮೆಯ ಸುರುಳಿಯಲ್ಲಿ ಸಿಕ್ಕ ಪ್ಲಾಸ್ಟಿಕ್

ಕಡಲಿನ ಮಾಲಿನ್ಯವನ್ನು ತಗ್ಗಿಸಲು ವಿಶ್ವವಿದ್ಯಾನಿಲಯವೊಂದು ಏನು ಮಾಡಬಲ್ಲುದು? ವಿದ್ಯಾರ್ಥಿಗಳು ದಂಡೆಗೆ ಹೋಗಿ ಕಸವನ್ನು ಆಯಬಹುದು, ಒಳ್ಳೆಯದೇ. ಆದರೆ ಕಣ್ಣಿಗೆ ಕಾಣದ ಕಸವನ್ನು ನಾವು ಆಯುವುದೆಂತು? ಅದನ್ನು ಮೊದಲು ಎಣಿಸಬೇಕು.

ಕಡಲಿನಲ್ಲಿ ತೇಲುವ ಸೂಕ್ಷ್ಮಜೀವಿಗಳಾದ ಪ್ಲವಕಗಳನ್ನು ಹಿಡಿಯಲು ಆಲಿಸ್ಟರ್ ಹಾರ್ಡಿ ಎಂಬ ವಿಜ್ಞಾನಿ ಒಂದು ಯಂತ್ರವನ್ನು ರಚಿಸಿದನು. 1931ರಿಂದ ವ್ಯಾಪಾರದ ಹಡಗುಗಳು ಅದನ್ನು ಹಿಂದೆ ಕಟ್ಟಿಕೊಂಡು ಎಳೆಯುತ್ತ ಬಂದಿವೆ. ಒಳಗೆ ಮೆಲ್ಲನೆ ಸುತ್ತಿಕೊಳ್ಳುವ ರೇಷ್ಮೆಯ ಜಾಲರಿಯಲ್ಲಿ ಪ್ಲವಕಗಳು ಸಿಕ್ಕಿಕೊಳ್ಳುತ್ತವೆ. ಆ ಹಳೆಯ ಸುರುಳಿಗಳನ್ನು ಎಸೆಯದೆ ಜೋಪಾನವಾಗಿ ಇಟ್ಟಿದ್ದರು. ಸ್ಕಾಟ್ಲೆಂಡಿನ ಉತ್ತರದ ಕಡಲಿನಿಂದ ಬಂದ ಸುರುಳಿಗಳನ್ನು ಇಂಗ್ಲೆಂಡಿನ ಪ್ಲಿಮತ್ ವಿಶ್ವವಿದ್ಯಾನಿಲಯದ ರಿಚರ್ಡ್ ಥಾಮ್ಸನ್ ಮತ್ತು ಸಂಗಡಿಗರು ಪರೀಕ್ಷಿಸಿದಾಗ ಪ್ಲವಕಗಳ ನಡುವೆ ಪ್ಲಾಸ್ಟಿಕ್ಕಿನ ಎಳೆಗಳು ಕಂಡವು: 1960ರ ದಶಕದಲ್ಲಿ ಕಡಮೆ, 1980 ಮತ್ತು 1990ರ ದಶಕಗಳಲ್ಲಿ ಹೆಚ್ಚು. 2004ರಲ್ಲಿ ಇದು ಪ್ರಕಟವಾಯಿತು. ಹಳೆಯ ಮಾದರಿಗಳನ್ನು ಕಾಯುವುದು ವ್ಯರ್ಥ ವೆಚ್ಚವೆನ್ನುವವರು ಇದನ್ನು ಗಮನಿಸಬೇಕು.

ಎಳೆಗಳು ಎಲ್ಲಿಂದ ಬರುತ್ತವೆ? ಅದೇ ವಿಶ್ವವಿದ್ಯಾನಿಲಯದವರು ಬಟ್ಟೆ ಒಗೆಯುವ ಯಂತ್ರದ ಕೊಳೆನೀರನ್ನು ಸೋಸಿ, 6 ಕಿಲೋಗ್ರಾಂ ಆಕ್ರಿಲಿಕ್ ಬಟ್ಟೆಯ ಒಂದು ಒಗೆತದಲ್ಲಿ 7 ಲಕ್ಷಕ್ಕೂ ಮಿಕ್ಕಿದ ಎಳೆಗಳು ಕಳಚಬಹುದೆಂದು 2016ರಲ್ಲಿ ಲೆಕ್ಕ ಕೊಟ್ಟರು. ಮುಖ ತಿಕ್ಕಿಕೊಳ್ಳುವ ಲೇಪದ ಒಂದು ಬಳಕೆಯಲ್ಲಿ 94,500ರವರೆಗೆ ಪ್ಲಾಸ್ಟಿಕ್ ಮಣಿಗಳು ಚರಂಡಿ ಸೇರಬಹುದೆಂಬ ಲೆಕ್ಕವೂ ಅಲ್ಲಿಯದೇ. ಅಂತಹ ಮಣಿಗಳುಳ್ಳ, ಹಚ್ಚಿ ತೊಳೆದುಬಿಡುವ ಪ್ರಸಾಧನಗಳನ್ನು ಇಂಗ್ಲೆಂಡಿನಲ್ಲಿ 2018ರಲ್ಲಿ ನಿಷೇಧಿಸಲಾಯಿತು.

ಉಡುವ ಬಟ್ಟೆಯನ್ನು ಹಾಗೆ ನಿಷೇಧಿಸಲಾದೀತೆ? ಎಳೆಗಳನ್ನು ಯಂತ್ರದಲ್ಲಿಯೇ ತಡೆಯಬೇಕು. 2020ರಲ್ಲಿ ಪ್ಲಿಮತ್ತಿನವರು ಹೋಲಿಸಿ ನೋಡಿದ 6 ಸಾಧನಗಳಲ್ಲಿ ಅತ್ಯುತ್ತಮವಾದ ಸೋಸುಕವು ಶೇಕಡಾ 78ರಷ್ಟನ್ನು ತಡೆಯಿತು.