ಫೆಬ್ರವರಿ ಮಳೆಗೆ ಮಾವಿನ ಹೂ ಉದುರಿದರೆ ಬುಡಕ್ಕೆ ಉಪ್ಪು ಹಾಕಬೇಕೇ?

ಹಿತ್ತಲ ಮಾವಿನ ಮರ ಮೈತುಂಬಾ ಹೂ ಬಿಟ್ಟಾಗ ಅಕಾಲಿಕ ಮಳೆ ಬಂದು ಹೂ ಉದುರಿತು ಎನ್ನಿ. ‘ಬುಡಕ್ಕೆ ಕಲ್ಲುಪ್ಪು ಹಾಕಿ, ಹೂ ನಿಲ್ಲುತ್ತದೆ’ ಎಂಬ ಸಲಹೆ ಬಂದರೆ ನಂಬಬಹುದೇ?

ಬೇಡ. ಉಪ್ಪು ಹೂವನ್ನು ನಿಲ್ಲಿಸುವುದಿಲ್ಲ. ಮಣ್ಣಿನಲ್ಲಿ ಉಪ್ಪು ಹೆಚ್ಚಾದರೆ ಬೇರಿಗೆ ನೀರು ಹೀರುವುದು ಕಷ್ಟವಾಗಿ ಎಲೆಯಂಚು ಸುಟ್ಟಂತಾಗುತ್ತದೆ.

ಹೂ ಉದುರುವುದೇಕೆ?

ಒಂದು ಗೊಂಚಲಿನಲ್ಲಿ ಸಾವಿರಕ್ಕೂ ಹೆಚ್ಚು ಹೂ ಇರಬಹುದು. ಅವುಗಳಲ್ಲಿ ಬಹುಪಾಲು ಗಂಡು ಹೂ. ಹಣ್ಣಾಗುವುದು ಶೇ. 1ಕ್ಕಿಂತ ಕಡಿಮೆ. ಹಾಗಾಗಿ ಸ್ವಲ್ಪ ಉದುರುವುದು ಸಹಜ.

ಆದರೆ ಮಳೆ ಬಂದರೆ ಪರಾಗ ತೊಳೆದುಹೋಗುತ್ತದೆ, ಅದನ್ನು ಸಾಗಿಸುವ ನೊಣ, ಜೇನು ಹಾರಾಡುವುದಿಲ್ಲ. ತೇವ ಉಳಿದರೆ ಚಿಬ್ಬು ರೋಗ ತಗುಲಿ ಹೂ ಕಪ್ಪಾಗುತ್ತದೆ. ಹಗಲು ಬೆಚ್ಚಗೆ, ರಾತ್ರಿ ತಂಪಾಗಿದ್ದರೆ ಬೂದಿ ರೋಗ ಹರಡಿ ಬಿಳಿ ಪುಡಿ ಕಾಣುತ್ತದೆ. ಬಿಸಿಲು ಅಕಾಲದಲ್ಲಿ ಏರಿದರೂ ಎಳೆ ಮಿಡಿ ಉದುರುತ್ತದೆ. ಗರಿಷ್ಠ ತಾಪಮಾನದ ಸರಾಸರಿ ನೋಡಿದರೆ, 1901ರಿಂದೀಚೆಗೆ ಭಾರತ ಅಲ್ಲಿಯವರೆಗೆ ಕಂಡ ಅತಿ ಬಿಸಿಯ ಫೆಬ್ರವರಿ 2023ರದ್ದು.

ಏನು ಮಾಡಬಹುದು?

• ಮಳೆ ನಿಂತ ಮೇಲೆ ಕೊಂಬೆಯನ್ನು ಮೆಲ್ಲಗೆ ಅಲುಗಾಡಿಸಿ ನೀರು ಉದುರಿಸಿ.
• ಬಿಳಿ ಪುಡಿ ಕಂಡರೆ ನೀರಿನಲ್ಲಿ ಬೆರೆಯುವ ಗಂಧಕವನ್ನು ಲೀಟರಿಗೆ 2 ಗ್ರಾಂನಂತೆ ಸಂಜೆ ಸಿಂಪಡಿಸಿ.
• ಹೂ ಅರಳಿರುವಾಗ ಕೀಟನಾಶಕ ಬೇಡ. ಜೇನು, ನೊಣ ಸತ್ತರೆ ಕಾಯಿಯೂ ಇಲ್ಲ.
• ಮಿಡಿ ಬಟಾಣಿ ಗಾತ್ರವಾದ ಮೇಲೆ ನೀರು ಕೊಡಿ.

ಉಪ್ಪನ್ನು ಮಿಡಿ ಉಪ್ಪಿನಕಾಯಿಗೆ ಎತ್ತಿಡಿ. ಆ ಸಲಹೆ ಬಂದ ಗುಂಪಿಗೇ ನಮ್ಮ ಈ ಲೇಖನವನ್ನೂ ಕಳಿಸಿ.