ತಾಯಿಯ ಉದ್ಯೋಗ: ಹೌಸ್‌ವೈಫ್

ಕಾಲೇಜಿಗೆ ಸೇರುವಾಗ ತುಂಬಿದ ಫಾರ್ಮ್ ನೆನಪಿದೆಯಾ? ಅದರಲ್ಲಿ 'ತಾಯಿಯ ಉದ್ಯೋಗ' ಅಂತ ಒಂದು ಕಾಲಂ ಇತ್ತು. ನಾನು ಯೋಚನೆಯೇ ಮಾಡದೆ 'ಹೌಸ್‌ವೈಫ್' ಅಂತ ಬರೆದೆ. ನಮ್ಮಮ್ಮ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾರೆ, ಸೀರೆಗೆ ಫಾಲ್ ಹಾಕಿ ಕೊಡುತ್ತಾರೆ. ನನ್ನ ಪಿಯುಸಿ ಟ್ಯೂಷನ್ ಫೀಸ್ ಕಟ್ಟಿದ್ದು ಆ ದುಡ್ಡಲ್ಲೇ. ಆದರೂ ಹೌಸ್‌ವೈಫ್.

ಇದೇ ತಪ್ಪು 1890ರ ಸುಮಾರಿಗೆ ಅಮೆರಿಕದ ಜನಗಣತಿಯಲ್ಲೂ ಆಗಿತ್ತು. ಗಂಡನ ಜೊತೆ ಹೊಲದಲ್ಲಿ ದುಡಿದವಳು, ಮನೆಯಲ್ಲೇ ಕೂತು ಬಟ್ಟೆ ಹೊಲಿದು ಮಾರಿದವಳು, ಇಂಥವರ ಉದ್ಯೋಗ ಎಷ್ಟೋ ಸಲ 'ಹೆಂಡತಿ' ಅಂತಲೇ ದಾಖಲಾಗುತ್ತಿತ್ತು. ಹಾರ್ವರ್ಡ್‌ನ ಕ್ಲಾಡಿಯಾ ಗೋಲ್ಡಿನ್ ಹಳೇ ದಾಖಲೆಗಳನ್ನು ಕೆದಕಿ, ಜನ ದಿನದ ಸಮಯವನ್ನು ಹೇಗೆ ಕಳೆಯುತ್ತಿದ್ದರು ಅನ್ನೋ ಸರ್ವೇಗಳನ್ನೂ ಕೈಗಾರಿಕೆಗಳ ಲೆಕ್ಕವನ್ನೂ ಸೇರಿಸಿ ಈ ಅಂಕಿಗಳನ್ನು ಸರಿಪಡಿಸಿದರು. ಮದುವೆಯಾದ ಹೆಂಗಸರಲ್ಲಿ ದುಡಿಯುತ್ತಿದ್ದವರ ಪ್ರಮಾಣ ಜನಗಣತಿ ಹೇಳಿದ್ದಕ್ಕಿಂತ ಹೆಚ್ಚುಕಡಿಮೆ ಮೂರು ಪಟ್ಟು ಇತ್ತು! 2023ರ ಅರ್ಥಶಾಸ್ತ್ರದ ನೊಬೆಲ್ ಇವರಿಗೇ ಬಂತು.

ಲೆಕ್ಕ ಸರಿಯಾದ ಮೇಲೆ ಗ್ರಾಫ್‌ನ ಆಕಾರವೇ ಬದಲಾಯಿತು. ದೇಶ ಬೆಳೆದ ಹಾಗೆ ಹೆಂಗಸರ ದುಡಿಮೆಯೂ ಏರುತ್ತಾ ಹೋಗುತ್ತೆ ಅಂತ ನಾವು ಅಂದುಕೊಳ್ಳುತ್ತೇವೆ. 200 ವರ್ಷಗಳ ಗ್ರಾಫ್ ಹಾಗಿಲ್ಲ, ಅದು ಇಂಗ್ಲಿಷಿನ 'ಯು' ಥರ ಇದೆ. ಕೆಲಸ ಹೊಲದಿಂದ ಫ್ಯಾಕ್ಟರಿಗೆ ಹೋದಾಗ ಮನೆ, ಮಗು, ದುಡಿಮೆ ಮೂರನ್ನೂ ಒಟ್ಟಿಗೆ ನೋಡಿಕೊಳ್ಳೋದು ಕಷ್ಟವಾಗಿ ಗ್ರಾಫ್ ಇಳಿಯಿತು. 20ನೇ ಶತಮಾನದಲ್ಲಿ ಆಫೀಸ್ ಕೆಲಸಗಳು ಬಂದು ಮತ್ತೆ ಏರಿತು.

ಈಗ ನಮಗೆ ಬೇಕಾದ ಭಾಗಕ್ಕೆ ಬರೋಣ, ಅಂದರೆ ಸಂಬಳ. ಒಂದೇ ಡಿಗ್ರಿ, ಒಂದೇ ಥರದ ಕೆಲಸ ಇದ್ದರೂ ಅಂತರ ಯಾಕೆ? ಗೋಲ್ಡಿನ್ ಪ್ರಕಾರ ಶುರುವಿನಲ್ಲಿ ಅಂತರ ಕಡಿಮೆ, ಮೊದಲ ಮಗು ಹುಟ್ಟಿದ ಮೇಲೆ ಅದು ದೊಡ್ಡದಾಗುತ್ತೆ. ಕಾರಣ ಅವರು ಹೇಳೋ 'ದುರಾಸೆಯ ಕೆಲಸ'. ಇಂಥ ಕೆಲಸದಲ್ಲಿ ಗಂಟೆಗೂ ಸಂಬಳಕ್ಕೂ ಸಂಬಂಧ ಲೀನಿಯರ್ ಅಲ್ಲ. ನಾನೇ ಮಾಡಿಕೊಂಡ ಒಂದು ಉದಾಹರಣೆ: ವಾರಕ್ಕೆ 40 ಗಂಟೆ ದುಡಿದರೆ ತಿಂಗಳಿಗೆ 60,000. ಹಾಗಾದರೆ 60 ಗಂಟೆಗೆ 90,000 ಆಗಬೇಕು ತಾನೇ? ಆದರೆ ರಾತ್ರಿ, ಭಾನುವಾರ ಯಾವಾಗ ಕರೆದರೂ ಫೋನ್ ಎತ್ತುವವರಿಗೆ ಕಂಪನಿ 1,20,000 ಕೊಡುತ್ತೆ. ಗಂಡ ಹೆಂಡತಿ ಇಬ್ಬರೂ ಇಂಜಿನಿಯರ್ಸ್, ಮನೆಯಲ್ಲಿ ಮಗು. ಮಗುವಿಗೆ ಜ್ವರ ಬಂದರೆ ಒಬ್ಬರಾದರೂ ಮನೆಗೆ ಓಡಿಬರಬೇಕು. ಇಬ್ಬರೂ 40 ಗಂಟೆಯ ಕೆಲಸ ಹಿಡಿದರೆ ಒಟ್ಟು 1,20,000. ಒಬ್ಬರು ದುರಾಸೆಯ ಕೆಲಸ ಹಿಡಿದರೆ 1,80,000. ಅಂದರೆ ಸಮಾನತೆಗೆ ಆ ಮನೆ ತಿಂಗಳಿಗೆ 60,000 ಬಿಟ್ಟುಕೊಡಬೇಕು. ಬಿಟ್ಟುಕೊಡೋರು ಎಷ್ಟು ಜನ? ಇಲ್ಲಿ ಯಾರೂ ಕೆಟ್ಟವರಾಗಬೇಕಿಲ್ಲ, ಲೆಕ್ಕವೇ ಹಾಗಿದೆ. ಆದರೆ 40 ಗಂಟೆಯ ಕೆಲಸ ಹಿಡಿಯೋರು ಯಾವಾಗಲೂ ಹೆಂಡತಿಯೇ ಯಾಕೆ ಅನ್ನೋದಕ್ಕೆ ಈ ಲೆಕ್ಕದಲ್ಲಿ ಉತ್ತರ ಇಲ್ಲ. ಅದು ನಮ್ಮ ಮನೆಗಳ ಅಭ್ಯಾಸ.

ಭಾರತದ 2019ರ ಸಮಯ ಬಳಕೆ ಸರ್ವೇ ನೋಡಿ. ಸಂಬಳವಿಲ್ಲದ ಮನೆಗೆಲಸ ಮಾಡೋ ಹೆಂಗಸರು ದಿನಕ್ಕೆ ಅದಕ್ಕೆ ಕೊಡೋದು 299 ನಿಮಿಷ. ಗಂಡಸರು 97 ನಿಮಿಷ, ಅದೂ ಮನೆಗೆಲಸ ಮಾಡೋ ಗಂಡಸರ ಸರಾಸರಿ ಮಾತ್ರ. ಮಾಡದೇ ಇರೋರು ಆ ಲೆಕ್ಕದಲ್ಲೇ ಇಲ್ಲ.

ಇದನ್ನು ಬದಲಾಯಿಸಿದ ಒಂದು ವೃತ್ತಿಯನ್ನು ಗೋಲ್ಡಿನ್ ಮತ್ತು ಲಾರೆನ್ಸ್ ಕಾಟ್ಜ್ ತೋರಿಸಿದ್ದಾರೆ: ಅಮೆರಿಕದ ಫಾರ್ಮಸಿಸ್ಟ್‌ಗಳು. ಮೊದಲು ಅಲ್ಲಿ ಸ್ವಂತ ಅಂಗಡಿಗಳೇ ಹೆಚ್ಚು, ಮಾಲೀಕ ಇಲ್ಲದಿದ್ದರೆ ಕೆಲಸ ನಡೆಯಲ್ಲ. ದೊಡ್ಡ ಚೈನ್ ಅಂಗಡಿಗಳು ಬಂದವು, ರೋಗಿಯ ವಿವರ ಕಂಪ್ಯೂಟರಿಗೆ ಹೋಯಿತು. ಈಗ ಒಬ್ಬರ ಜಾಗದಲ್ಲಿ ಇನ್ನೊಬ್ಬರು ಕೂರಬಹುದು. ಕಡಿಮೆ ಗಂಟೆ ದುಡಿದರೂ ಗಂಟೆಯ ದರ ಹೆಚ್ಚೇನೂ ಇಳಿಯಲ್ಲ, ಅಂತರವೂ ಕುಗ್ಗಿತು. ಒಂದು ಸರ್ವರ್ ಬಿದ್ದರೆ ಇನ್ನೊಂದು ಎತ್ತಿಕೊಳ್ಳುವ ಹಾಗೆ ಸಿಸ್ಟಮ್ ಡಿಸೈನ್ ಮಾಡೋದನ್ನು ನಾವು ಓದುತ್ತೇವೆ. ನಮ್ಮ ಟೀಮ್‌ಗಳನ್ನು ಮಾತ್ರ ಹಾಗೆ ಡಿಸೈನ್ ಮಾಡಲ್ಲ.

ಈ ವರ್ಷ ಸ್ಕಾಲರ್‌ಶಿಪ್ ಫಾರ್ಮ್‌ನಲ್ಲೂ ಅದೇ ಕಾಲಂ ಇತ್ತು. 'ಟೈಲರ್ ಅಂತ ಬರೀಲಾ?' ಅಂತ ಫೋನಲ್ಲಿ ಅಮ್ಮನನ್ನು ಕೇಳಿದೆ. ಮಷೀನ್ ಶಬ್ದ ನಿಂತಿತು. 'ಬರಿ. ಆದ್ರೆ ಇನ್‌ಕಮ್ ಸರ್ಟಿಫಿಕೇಟಿಗೆ ಏನೂ ತೊಂದ್ರೆ ಆಗಲ್ವಾ, ಒಂದ್ಸಲ ಕೇಳ್ಕೊ' ಅಂದರು.